ಕರೆಯೋಲೆ: ಮೊದಲು ಕರೆ, ಆಮೇಲೆ ಓಲೆ



ಮದುವೆ ನಿಶ್ಚಯವಾದ ಮನೆಯಲ್ಲಿ ಖರ್ಚಿನ ಪಟ್ಟಿ ಬರೆಯಲು ಕೂತಾಗ ಹಾಲ್, ಊಟ, ಬಂಗಾರ, ಬಟ್ಟೆ ಎಲ್ಲ ಆದ ಮೇಲೆ ಒಂದು ಸಾಲು ಬರುತ್ತದೆ: ಆಮಂತ್ರಣ ಪತ್ರಿಕೆ. ಉಳಿದ ಖರ್ಚುಗಳ ಮುಂದೆ ಇದು ಚಿಕ್ಕದು. ಆದರೂ ಮನೆಯೊಳಗೆ ಮನಸ್ತಾಪಕ್ಕೆ ಇದೇ ಕಾರಣವಾಗುವುದುಂಟು. "ಬೀಗರು ಪೆಟ್ಟಿಗೆಯಂಥ ಕಾರ್ಡು ಮಾಡಿಸಿದ್ದಾರೆ, ನಾವು ಒಂದು ಹಾಳೆ ಕೊಟ್ಟರೆ ಜನ ಏನೆಂದಾರು?" ಎಂಬ ಮಾತು ಬಂದರೆ ಸಾಕು, ಕೈಯಲ್ಲಿ ಇಲ್ಲದ ಹಣಕ್ಕೂ ದಾರಿ ಹುಡುಕುತ್ತೇವೆ. ಮಗಳ ಮದುವೆಗೆ ಮಾಡಿದ ಸಾಲದಲ್ಲಿ ಹೀಗೆ ಹತ್ತಾರು ಚಿಕ್ಕ ಸಾಲುಗಳು ಸೇರಿಕೊಂಡಿರುತ್ತವೆ.

ಹಾಗಾದರೆ ಕೇಳಲೇಬೇಕಾದ ಪ್ರಶ್ನೆ ಇದು: ಮದುವೆಗೆ ಕರೆಯುವುದು ಎಂದರೆ ನಿಜಕ್ಕೂ ಏನು? ಕಾರ್ಡು ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಹೇಗೆ ಕರೆದರು? ಧರ್ಮಸಭೆ ಹೇಗೆ ಕರೆಯಿತು? ಈ ಚರಿತ್ರೆ ತಿಳಿದರೆ ಕಾರ್ಡಿನ ಅಂಗಡಿಯಲ್ಲಿ ನಿರ್ಧಾರ ಮಾಡುವುದು ಸುಲಭವಾಗುತ್ತದೆ.

ಹೆಸರಿನಲ್ಲೇ ಇದೆ ಕಥೆ

ಕನ್ನಡದಲ್ಲಿ ಆಮಂತ್ರಣಕ್ಕೆ ಇರುವ ಚೆಂದದ ಹೆಸರು ಕರೆಯೋಲೆ. ಕರೆ ಮತ್ತು ಓಲೆ ಸೇರಿದ ಪದ. ಓಲೆ ಎಂದರೆ ತಾಳೆಗರಿ. ಕಾಗದ ಬಳಕೆಗೆ ಬರುವ ಮೊದಲು ನಮ್ಮ ನಾಡಿನಲ್ಲಿ ಪತ್ರ, ಲೆಕ್ಕ, ಗ್ರಂಥ ಎಲ್ಲವನ್ನೂ ಕಂಟದಿಂದ ಬರೆದದ್ದು ಅದರ ಮೇಲೆಯೇ. ತುಳುವಿನಲ್ಲೂ ಇದೇ ರೀತಿ ಲೆಪ್ಪೋಲೆ ಎನ್ನುತ್ತಾರೆ. ಲೆಪ್ಪು ಎಂದರೆ ಕರೆ. ಹೊಸೂರು, ತಾಳವಾಡಿ, ನೀಲಗಿರಿಯ ಕಡೆ ಇರುವ ನಮ್ಮವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ತಮಿಳು ಚರ್ಚುಗಳಲ್ಲಿ ಮದುವೆಯ ಪ್ರಕಟಣೆಯನ್ನು ಇಂದಿಗೂ 'ಓಲೆ ಓದುವುದು' ಎಂದೇ ಕರೆಯುತ್ತಾರೆ. ತಾಳೆಗರಿ ಹೋಗಿ ಕಾಗದ ಬಂದು, ಕಾಗದದ ಜಾಗಕ್ಕೆ ಮೊಬೈಲ್ ಬಂದರೂ ಹೆಸರು ಮಾತ್ರ ಉಳಿದಿದೆ.

ಕಾಸರಗೋಡು, ಮಂಜೇಶ್ವರದ ಕಡೆ ಕಾಗದದ ಮಾತೇ ಇಲ್ಲದ ಇನ್ನೊಂದು ಪದವಿದೆ: ಹೇಳಿಕೆ. "ಮದುವೆಗೆ ಹೇಳಿಕೆ ಬಂದಿದೆಯಾ?" ಎಂದರೆ ಯಾರಾದರೂ ಮನೆಗೆ ಬಂದು ಬಾಯಲ್ಲಿ ಹೇಳಿದರಾ ಎಂದು ಅರ್ಥ. ಕೊಂಕಣಿ ಮನೆಗಳ ಆಪವ್ಣೆಂ ಎಂಬ ಪದವೂ ಕರೆಯುವುದನ್ನೇ ಹೇಳುತ್ತದೆ. ಮಲಯಾಳಂ ಮಾತಾಡುವ ನೆರೆಯ ಕ್ರೈಸ್ತರು ಚರ್ಚಿನ ಮದುವೆ ಪ್ರಕಟಣೆಗೆ 'ವಿಳಿಚ್ಚುಚೊಲ್ಲಲ್' ಎನ್ನುತ್ತಾರೆ, ಅಂದರೆ ಕೂಗಿ ಹೇಳುವುದು.

ಗಡಿನಾಡಿನ ನಮ್ಮ ಸುತ್ತಲಿನ ಈ ಭಾಷೆಗಳಲ್ಲೆಲ್ಲ ಕರೆ ಎಂಬುದು ಮೊದಲು ಬಾಯಿಯ ಮಾತು. ಓಲೆ ಅದರ ಹಿಂದೆ ಬಂದದ್ದು.

ಕಾನಾ ಊರಿನ ಮನೆ

ಯೊವಾನ್ನನ ಶುಭಸಂದೇಶದ ಎರಡನೇ ಅಧ್ಯಾಯ ನಮಗೆಲ್ಲ ಗೊತ್ತು. ಕಾನಾ ಊರಿನಲ್ಲಿ ಮದುವೆ. ಯೇಸುವಿನ ತಾಯಿ ಅಲ್ಲಿದ್ದರು. ಯೇಸುವಿಗೂ ಶಿಷ್ಯರಿಗೂ ಕರೆ ಬಂದಿತ್ತು. ಆ ಕರೆ ಹೇಗೆ ಬಂತು ಎಂದು ಶುಭಸಂದೇಶ ಹೇಳುವುದಿಲ್ಲ. ವಧೂವರರ ಹೆಸರೂ ಅಲ್ಲಿಲ್ಲ. ನಾವು ಎರಡು ಸಾವಿರ ವರ್ಷಗಳಿಂದ ನೆನಪಿಟ್ಟುಕೊಂಡದ್ದು ಆ ಮನೆಗೆ ಯಾರನ್ನು ಕರೆದಿದ್ದರು ಎಂಬುದನ್ನು ಮಾತ್ರ.

ಇನ್ನೊಂದನ್ನೂ ಗಮನಿಸಬೇಕು. ಆ ಮನೆಯಲ್ಲಿ ದ್ರಾಕ್ಷಾರಸ ಮುಗಿಯಿತು. ನಾಲ್ಕು ಜನರ ಮುಂದೆ ತಲೆತಗ್ಗಿಸುವ ಗಳಿಗೆ ಅದು. ಮರಿಯಮ್ಮನವರು ಅದನ್ನು ಗಮನಿಸಿ ಮಗನಿಗೆ ಮೆಲ್ಲನೆ ತಿಳಿಸಿದರು. ಕೊರತೆ ನೀಗಿತು, ಅದು ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೂ ಗೊತ್ತಾಗಲಿಲ್ಲ. ಮದುವೆ ಮನೆಯ ಬಡತನವನ್ನು ಆಡಿಕೊಳ್ಳುವ ಮಾತು ಆ ಕಥೆಯಲ್ಲಿ ಎಲ್ಲೂ ಇಲ್ಲ.

ಆ ಕಾಲದಲ್ಲಿ ಔತಣಕ್ಕೆ ಎರಡು ಬಾರಿ ಕರೆಯುವ ಪದ್ಧತಿ ಇತ್ತು. ಮೊದಲು ಮುಂಚಿತವಾಗಿ ತಿಳಿಸುತ್ತಿದ್ದರು. ಊಟ ಸಿದ್ಧವಾದಾಗ ಆಳುಗಳನ್ನು ಕಳುಹಿಸಿ ಮತ್ತೆ ಕರೆಸುತ್ತಿದ್ದರು. ಮತ್ತಾಯನ 22ನೇ ಅಧ್ಯಾಯದ ಅರಸನ ಮಗನ ಮದುವೆಯ ಸಾಮತಿಯಲ್ಲೂ ಲೂಕನ 14ನೇ ಅಧ್ಯಾಯದ ಔತಣದ ಸಾಮತಿಯಲ್ಲೂ ಇದನ್ನೇ ನೋಡುತ್ತೇವೆ. ಕರೆಯಲು ಹೋದವರು ಮನುಷ್ಯರು. ತಿರಸ್ಕಾರ ಕಂಡದ್ದೂ ಅವರೇ, ಆಮೇಲೆ ಬೀದಿಯ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕೈಹಿಡಿದು ಕರೆತಂದದ್ದೂ ಅವರೇ. ತಿರುಗಿ ಕರೆಯಲು ಶಕ್ತಿಯಿಲ್ಲದವರನ್ನು ಔತಣಕ್ಕೆ ಕರೆಯಿರಿ ಎಂದು ಯೇಸು ಅದೇ 14ನೇ ಅಧ್ಯಾಯದಲ್ಲಿ ಹೇಳುತ್ತಾರೆ. ಅತಿಥಿಗಳ ಪಟ್ಟಿ ಬರೆಯುವ ಮುಂಚೆ ಮನೆಯವರೆಲ್ಲ ಕೂತು ಆ ಭಾಗ ಓದುವುದು ಒಳ್ಳೆಯದು.

ಪೀಠದಿಂದ ಬಂದ ಕರೆ

ಇಡೀ ಧರ್ಮಕೇಂದ್ರಕ್ಕೆ ಮದುವೆಯ ಸುದ್ದಿ ಮುಟ್ಟಿಸುವ ಒಂದು ಕ್ರಮವನ್ನು ಧರ್ಮಸಭೆ ಬಹಳ ಹಿಂದೆಯೇ ಮಾಡಿಕೊಂಡಿತ್ತು. 1215ರಲ್ಲಿ ನಡೆದ ನಾಲ್ಕನೇ ಲ್ಯಾಟೆರನ್ ಮಹಾಸಭೆ, ಮದುವೆಗೆ ಮೊದಲು ಗುರುಗಳು ಚರ್ಚಿನಲ್ಲಿ ಬಹಿರಂಗವಾಗಿ ಪ್ರಕಟಿಸಬೇಕು, ಅಡ್ಡಿ ಇದ್ದವರು ತಿಳಿಸಲು ಸಮಯ ಕೊಡಬೇಕು ಎಂದು ವಿಧಿಸಿತು. ಕದ್ದುಮುಚ್ಚಿ ನಡೆಯುವ ಮದುವೆಗಳಿಂದ ತೊಂದರೆಗೆ ಒಳಗಾಗುತ್ತಿದ್ದವರು ಮುಖ್ಯವಾಗಿ ಹೆಣ್ಣುಮಕ್ಕಳು. ಗುಟ್ಟಾಗಿ ಕೊಟ್ಟ ಮಾತನ್ನು ಗಂಡಸು ಆಮೇಲೆ ಇಲ್ಲವೆಂದರೆ ಕೇಳುವವರಿರಲಿಲ್ಲ.

1563ರಲ್ಲಿ ಟ್ರೆಂಟ್ ಮಹಾಸಭೆ ಈ ಕ್ರಮವನ್ನು ಬಿಗಿ ಮಾಡಿತು. ಒಂದರ ಹಿಂದೆ ಒಂದು ಮೂರು ಹಬ್ಬದ ದಿನಗಳಲ್ಲಿ ಪೂಜೆಯ ಹೊತ್ತಿಗೆ ಪ್ರಕಟಣೆ ಆಗಬೇಕು. ಧರ್ಮಕೇಂದ್ರದ ಗುರುಗಳ ಮುಂದೆ, ಇಬ್ಬರು ಅಥವಾ ಮೂವರು ಸಾಕ್ಷಿಗಳ ಎದುರಲ್ಲಿ ಮದುವೆ ನಡೆಯಬೇಕು. ವಧೂವರರ ಹೆಸರು, ಸಾಕ್ಷಿಗಳ ಹೆಸರು, ದಿನ, ಸ್ಥಳ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು ಎಂದಿತು. ನಮ್ಮ ಚರ್ಚುಗಳ ಮದುವೆ ರಿಜಿಸ್ಟರಿನ ಮೂಲ ಇಲ್ಲಿದೆ. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ನಿಯಮಾವಳಿ, ಪ್ರಕಟಣೆಯ ವಿಧಾನವನ್ನು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗೆ ಬಿಟ್ಟಿದೆ.

ಸರಕಾರದ ಕಾನೂನಿನಲ್ಲೂ ಇದರ ನೆರಳಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ, ಪರವಾನಗಿ ಪಡೆದ ಪಾದ್ರಿಗಳ ಮುಂದೆ ಚರ್ಚಿನಲ್ಲಿ ಮದುವೆಯಾಗಲು ಬಯಸುವವರು ಬರಹದಲ್ಲಿ ತಿಳಿಸಬೇಕು. ಆ ನೋಟೀಸನ್ನು ಚರ್ಚಿನ ಎದ್ದುಕಾಣುವ ಜಾಗದಲ್ಲಿ ಹಚ್ಚಬೇಕು. ಗಡಿನಾಡಿನ ನಮಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. 1956ರ ನವೆಂಬರ್ 1ಕ್ಕೆ ಮೊದಲು ತಿರುವಾಂಕೂರು-ಕೊಚ್ಚಿ ರಾಜ್ಯಕ್ಕೆ ಸೇರಿದ್ದ ಪ್ರದೇಶಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ. ಕಾಸರಗೋಡು, ವಯನಾಡು ಆಗ ಮದರಾಸು ರಾಜ್ಯದಲ್ಲಿದ್ದವು. ಹಾಗಾಗಿ ಒಂದೇ ಕೇರಳದಲ್ಲಿದ್ದರೂ ದಕ್ಷಿಣದ ಜಿಲ್ಲೆಗಳಿಗೆ ಅನ್ವಯಿಸದ ಕಾಯಿದೆ ನಮ್ಮ ಕಡೆ ಅನ್ವಯಿಸುತ್ತದೆ.

ಹೀಗೆ ನೂರಾರು ವರ್ಷ ಮದುವೆಯ ಸುದ್ದಿಯನ್ನು ಊರಿಗೆ ತಿಳಿಸಿದ್ದು ಚರ್ಚಿನ ಪ್ರಕಟಣೆ. ಶ್ರೀಮಂತನ ಹೆಸರನ್ನೂ ಕೂಲಿಯವನ ಹೆಸರನ್ನೂ ಗುರುಗಳು ಅದೇ ಧ್ವನಿಯಲ್ಲಿ ಓದುತ್ತಿದ್ದರು. ಅಲ್ಲಿ ದಪ್ಪ ಕಾಗದ, ತೆಳು ಕಾಗದ ಎಂಬ ಭೇದವಿರಲಿಲ್ಲ.

ಮನೆ ಬಾಗಿಲಿನ ಕರೆಯೂ ಜೊತೆಗೆ ನಡೆಯುತ್ತಿತ್ತು. ಕರಾವಳಿಯ ಕಥೋಲಿಕರಲ್ಲಿ ವಾಡೆಗೊಬ್ಬ ಗುರ್ಕಾರ ಇರುತ್ತಿದ್ದ. ಮದುವೆಯ ಮಾತುಕತೆ, ರೋಸ್, ಬೀಗರ ಉಪಚಾರ ಇವುಗಳಲ್ಲಿ ಅವನಿಗೆ ಮುಂದಾಳಿನ ಸ್ಥಾನ. ಕುಟುಂಬದ ಹಿರಿಯರು ಮನೆಮನೆಗೆ ಹೋಗಿ ಹೇಳಿಕೆ ಮಾಡುತ್ತಿದ್ದರು. ಯಾರ ಮನೆಗೆ ಯಾರು ಹೋಗಬೇಕು ಎಂಬುದಕ್ಕೂ ಲೆಕ್ಕವಿತ್ತು. ಸೋದರಮಾವನ ಮನೆಗೆ ಹುಡುಗನೊಬ್ಬನನ್ನು ಕಳುಹಿಸಿದರೆ ಸಾಲುತ್ತಿರಲಿಲ್ಲ, ತಂದೆತಾಯಿಯೇ ಹೋಗಬೇಕಿತ್ತು.

ಅಚ್ಚಿನ ಮೊಳೆ ಬಂದ ದಾರಿ

ಭಾರತಕ್ಕೆ ಮೊದಲ ಮುದ್ರಣಯಂತ್ರ ಬಂದದ್ದು 1556ರಲ್ಲಿ, ಗೋವಾಕ್ಕೆ. ಇಥಿಯೋಪಿಯಾಕ್ಕೆ ಹೊರಟಿದ್ದ ಯಂತ್ರ ಗೋವಾದಲ್ಲೇ ಉಳಿದು, ಯೇಸುಸಭೆಯ ಗುರುಗಳ ಸಂತ ಪೌಲರ ಕಾಲೇಜಿನಲ್ಲಿ ಕೆಲಸ ಆರಂಭಿಸಿತು. 1616ರಲ್ಲಿ ಫಾದರ್ ಥಾಮಸ್ ಸ್ಟೀಫನ್ಸ್ ಅವರ ಕ್ರಿಸ್ತ ಪುರಾಣ ಗೋವಾದ ರಾಯ್ತೂರಿನಲ್ಲಿ ಅಚ್ಚಾಯಿತು. ಭಾಷೆ ಮರಾಠಿ, ಅಕ್ಷರ ಮಾತ್ರ ರೋಮನ್. ಏಕೆಂದರೆ ಮರಾಠಿ ಅಕ್ಷರದ ಅಚ್ಚುಮೊಳೆ ಅಲ್ಲಿರಲಿಲ್ಲ. ಯಾವ ಮೊಳೆ ಇದೆಯೋ ಆ ಅಕ್ಷರದಲ್ಲೇ ಅಚ್ಚು: ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಕನ್ನಡಕ್ಕೆ ಅಚ್ಚು ಬಂದದ್ದು ಇದಾಗಿ 200 ವರ್ಷಗಳ ನಂತರ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿತು. ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಒತ್ತುವ ಕ್ರಮವಾದ್ದರಿಂದ ಮೊಳೆ ಬೇಕಿರಲಿಲ್ಲ. ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಆರಂಭಿಸಿದ ಮಂಗಳೂರ ಸಮಾಚಾರ ಹೀಗೆಯೇ ಅಚ್ಚಾಗುತ್ತಿತ್ತು. ಮರುವರ್ಷ ಆ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಲ್ಲಿ ಅಚ್ಚಾಗತೊಡಗಿತು. ಆದವಾನಿ, ರಾಯದುರ್ಗದ ಓದುಗರೇ, ನಿಮ್ಮ ತಾಲ್ಲೂಕುಗಳು 1953ರವರೆಗೆ ಇದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮುಂದೆ ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಕಥೋಲಿಕರ ಮುದ್ರಣಾಲಯವೂ ಬಂತು. 1938ರಲ್ಲಿ ಮಂಗಳೂರು ಧರ್ಮಪ್ರಾಂತ್ಯದ ರಾಕ್ಣೊ ವಾರಪತ್ರಿಕೆ ಕನ್ನಡ ಅಕ್ಷರದ ಕೊಂಕಣಿಯಲ್ಲಿ ಆರಂಭವಾಯಿತು.

ಅಚ್ಚಿನ ಜೊತೆಗೆ ಅಂಚೆಯೂ ಬೆಳೆಯಿತು. 1854ರಲ್ಲಿ ದೂರ ಎಷ್ಟೇ ಇರಲಿ, ಹಗುರವಾದ ಕಾಗದಕ್ಕೆ ಅರ್ಧ ಆಣೆ ಎಂಬ ಒಂದೇ ದರ ಬಂತು. 1879ರ ಜುಲೈ 1ರಂದು ಕಾಲಾಣೆಯ ಪೋಸ್ಟ್ ಕಾರ್ಡು ಬಂತು. ಬೊಂಬಾಯಿಗೆ ದುಡಿಯಲು ಹೋದ ಅಣ್ಣನಿಗೆ, ಘಟ್ಟದ ಕಾಫಿ ತೋಟದಲ್ಲಿದ್ದ ಚಿಕ್ಕಪ್ಪನಿಗೆ ಕರೆ ಮುಟ್ಟಿಸಲು ಈಗ ದಾರಿಯಾಯಿತು. ಅಚ್ಚಾದ ಆಮಂತ್ರಣ ನಿಜವಾಗಿ ಬೇಕಾದದ್ದು ಇಲ್ಲಿ: ಕಾಲ್ನಡಿಗೆಗೆ ಸಿಗದಷ್ಟು ದೂರ ಹೋದ ಬಂಧುಗಳಿಗೆ.

ಮೊಳೆಯ ಕಾಲದ ಮುದ್ರಣಾಲಯದಲ್ಲಿ ಕಾರ್ಡು ಸರಳವಾಗಿತ್ತು. ಮೇಲೆ ಒಂದು ಶಿಲುಬೆ, ನಡುವೆ ಹೆಸರುಗಳು, ಕೆಳಗೆ ಚರ್ಚು, ದಿನ, ವೇಳೆ. ಕಂಪೋಸಿಟರ್ ಒಂದೊಂದೇ ಅಕ್ಷರ, ಒಂದೊಂದೇ ಒತ್ತು ಹೆಕ್ಕಿ ಜೋಡಿಸುತ್ತಿದ್ದ. ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಒಂದೊಂದೇ ಕಾರ್ಡು ಒತ್ತಿ ತೆಗೆಯುತ್ತಿದ್ದರು. ಕನ್ನಡ ಮೊಳೆ ಇಲ್ಲದ ಪ್ರೆಸ್ಸಿನಲ್ಲಿ ಕನ್ನಡ ಕಾರ್ಡು ಆಗುವಂತಿರಲಿಲ್ಲ. 1956ರ ನಂತರ ಬೇರೆ ಬೇರೆ ರಾಜ್ಯಗಳಿಗೆ ಹಂಚಿಹೋದ ಕನ್ನಡದ ಮನೆಗಳಿಗೆ ಈ ಅಡ್ಡಿ ಇನ್ನಷ್ಟು ಅನುಭವಕ್ಕೆ ಬಂತು. ಹತ್ತಿರದ ಪೇಟೆಯಲ್ಲಿ ಸಿಗುವ ಲಿಪಿಯಲ್ಲೇ ಮಾಡಿಸಬೇಕು, ಇಲ್ಲವಾದರೆ ಕನ್ನಡ ಮೊಳೆ ಇರುವ ಪಟ್ಟಣಕ್ಕೆ ಬಸ್ಸು ಹತ್ತಬೇಕು.

ಕಾರ್ಡು ದೊಡ್ಡದಾದ ಕಾಲ

ಆಫ್‌ಸೆಟ್ ಮುದ್ರಣ ಹರಡಿದ ಮೇಲೆ ಬಣ್ಣ ಅಗ್ಗವಾಯಿತು. ಶಿವಕಾಶಿಯಂಥ ಕಡೆಗಳಲ್ಲಿ ಚಿತ್ರ, ಚಿನ್ನದ ಅಂಚು ಎಲ್ಲ ಮೊದಲೇ ಅಚ್ಚಾದ ರೆಡಿಮೇಡ್ ಕಾರ್ಡುಗಳು ಅಂಗಡಿಗಳಿಗೆ ಬಂದವು. ಒಳಗಿನ ಬರಹವನ್ನಷ್ಟೇ ಊರಿನ ಪ್ರೆಸ್ಸು ಒತ್ತಿಕೊಟ್ಟರೆ ಸಾಕಿತ್ತು. ಆಲ್ಬಂ ತಿರುವಿ ಆರಿಸುವ ಅಭ್ಯಾಸ ಬಂದದ್ದು ಹೀಗೆ. ಆಲ್ಬಮಿನಲ್ಲಿ ಪುಟ ಮುಂದೆ ಹೋದಂತೆ ಬೆಲೆ ಏರುತ್ತದೆ, ಆಸೆಯೂ ಏರುತ್ತದೆ. ಅಲ್ಲಿಯವರೆಗೆ ಸುದ್ದಿ ಹೇಳುತ್ತಿದ್ದ ಕಾರ್ಡು ಈಗ ಮನೆಯ ಅಂತಸ್ತನ್ನು ಹೇಳತೊಡಗಿತು.

2020ರಲ್ಲಿ ಮತ್ತೊಂದು ಪಾಠ ಸಿಕ್ಕಿತು. ಕೊರೋನಾ ಕಾಲದಲ್ಲಿ ಮದುವೆಗೆ 50 ಜನರ ಮಿತಿ ಬಂತು. ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿಗೂ ಕಾಸರಗೋಡಿಗೂ ನಡುವೆ ದಿನನಿತ್ಯದ ಓಡಾಟ ನಿಂತಿತು. ಕಾರ್ಡು ಹಂಚಲಾಗದ ಆ ದಿನಗಳಲ್ಲಿ ಕರೆ ಹೋದದ್ದು ಫೋನಿನಲ್ಲಿ. ಜನ ಕಡಿಮೆಯಿದ್ದರೆಂದು, ಕಾರ್ಡು ಇರಲಿಲ್ಲವೆಂದು ಸಂಸ್ಕಾರಕ್ಕೆ ಏನೂ ಕೊರತೆಯಾಗಲಿಲ್ಲ. ಗುರುಗಳು, ಇಬ್ಬರು ಸಾಕ್ಷಿಗಳು, ವಧೂವರರ ಒಪ್ಪಿಗೆಯ ಮಾತು: 1563ರಲ್ಲಿ ಹೇಳಿದ್ದು ಅಷ್ಟೇ, ಈಗಲೂ ಬೇಕಾದದ್ದು ಅಷ್ಟೇ.

ಇಂದಿನ ಮನೆಗೆ ಈ ಚರಿತ್ರೆ ಹೇಳುವುದೇನು?

ಮೊದಲನೆಯದು, ದಿನ ಗಟ್ಟಿಯಾಗುವ ಮೊದಲು ಕಾರ್ಡು ಮಾಡಿಸಬೇಡಿ. ಪ್ರಕಟಣೆ ವರ ಮತ್ತು ವಧು ಇಬ್ಬರ ಧರ್ಮಕೇಂದ್ರಗಳಲ್ಲೂ ಆಗಬೇಕಿರುತ್ತದೆ. ಗಡಿನಾಡಿನಲ್ಲಿ ಒಬ್ಬರದು ಒಂದು ಧರ್ಮಪ್ರಾಂತ್ಯ, ಇನ್ನೊಬ್ಬರದು ಇನ್ನೊಂದು ಆಗಿರುವುದು ಸಾಮಾನ್ಯ. ಜ್ಞಾನಸ್ನಾನದ ಪತ್ರ, ವಿವಾಹ ಸಿದ್ಧತಾ ಶಿಬಿರದ ಪತ್ರ ತರಿಸಲು ಸಮಯ ಬೇಕು. ತಪಸ್ಸು ಕಾಲದ ದಿನಗಳನ್ನೂ ನೋಡಿಕೊಳ್ಳಬೇಕು. ಗುರುಗಳು ದಿನ, ವೇಳೆ ಒಪ್ಪಿದ ಮೇಲೆಯೇ ಪ್ರೆಸ್ಸಿಗೆ ಹೋಗಿ. ಎರಡು ಸಲ ಅಚ್ಚು ಮಾಡಿಸುವುದಕ್ಕಿಂತ ದುಬಾರಿ ಕಾರ್ಡು ಬೇರೆ ಇಲ್ಲ.

ಎರಡನೆಯದು, ತಲೆ ಎಣಿಸಬೇಡಿ, ಮನೆ ಎಣಿಸಿ. ಮನೆಗೆ ಸರಾಸರಿ ಮೂವರು ಬರುತ್ತಾರೆ ಎಂದಿಟ್ಟುಕೊಂಡರೆ 450 ಜನರ ಊಟಕ್ಕೆ 150 ಕಾರ್ಡು ಸಾಕು. ಲೆಕ್ಕಕ್ಕಾಗಿ ಹೇಳುವುದಾದರೆ, 60 ರೂಪಾಯಿಯ ಕಾರ್ಡು 500 ಮಾಡಿಸಿದರೆ 30,000 ರೂಪಾಯಿ. 15 ರೂಪಾಯಿಯ ಕಾರ್ಡು 150 ಮಾಡಿಸಿದರೆ 2,250 ರೂಪಾಯಿ. ಉಳಿದ ಹಣದಲ್ಲಿ ಎಷ್ಟು ಎಲೆ ಊಟ ಆಗುತ್ತದೆ ಎಂದು ಅಡುಗೆಯವರನ್ನು ಕೇಳಿ ನೋಡಿ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ಕಾರ್ಡು ಕಡಿಮೆಯಿದ್ದರೂ ಅಷ್ಟೇ ಬೀಳುತ್ತದೆ. ಹಾಗಾಗಿ ನೂರು, ನೂರೈವತ್ತು ಸಾಕೆನ್ನುವವರು ಡಿಜಿಟಲ್ ಮುದ್ರಣದ ದರವನ್ನೂ ಕೇಳಬೇಕು. ಹತ್ತು ಕಾರ್ಡು ಹೆಚ್ಚಿಗೆ ಇರಲಿ. ಮರೆತ ಹೆಸರು ಕೊನೆಯ ವಾರದಲ್ಲಿ ನೆನಪಾಗುತ್ತದೆ.

ಮೂರನೆಯದು, ಕಾರ್ಡಿನ ಕೆಲಸ ಏನೆಂದು ತಿಳಿದು ಬರೆಸಿ. ವಧೂವರರ ಮತ್ತು ತಂದೆತಾಯಿಯರ ಹೆಸರು, ಮನೆ, ದಿನಾಂಕ, ವಾರ, ಬಲಿಪೂಜೆಯ ವೇಳೆ, ಚರ್ಚಿನ ಹೆಸರಿನ ಜೊತೆಗೆ ಊರಿನ ಹೆಸರು, ಊಟದ ಸ್ಥಳ, ಒಂದು ಫೋನ್ ನಂಬರ್. ಒಂದೇ ಸಂತರ ಹೆಸರಿನ ಚರ್ಚುಗಳು ಹಲವು ಇರುವುದರಿಂದ ಊರಿನ ಹೆಸರು ಬಿಡಬಾರದು. ಇಷ್ಟಕ್ಕೆ ಒಂದು ಹಾಳೆ ಸಾಕು.

ನಾಲ್ಕನೆಯದು ಭಾಷೆ. ಈಗ ಮೊಳೆಯ ಅಡ್ಡಿ ಇಲ್ಲ. ಕಂಪ್ಯೂಟರ್ ಇರುವ ಯಾವ ಅಂಗಡಿಯಲ್ಲೂ ಕನ್ನಡ ಅಚ್ಚಾಗಬಲ್ಲದು. ಕಾರ್ಡಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ನೆರೆಯವರ ಮಲಯಾಳಂ, ತಮಿಳು, ತೆಲುಗು ಅಥವಾ ಮರಾಠಿ ಇರಲಿ. ಎರಡು ಕಾರ್ಡು ಬೇಕಿಲ್ಲ. ಆದರೆ ಕನ್ನಡ ಓದಲು ಬಾರದವರು ಜೋಡಿಸಿದಾಗ ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ, ದೀರ್ಘ ತಪ್ಪುತ್ತದೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೇ ಬದಲಾಗುತ್ತವೆ. ಆದ್ದರಿಂದ ಬರಹವನ್ನು ನೀವೇ ಯುನಿಕೋಡಿನಲ್ಲಿ ಟೈಪ್ ಮಾಡಿ, ಜೊತೆಗೆ ಪಿಡಿಎಫ್ ಕೊಡಿ. ಅಚ್ಚಿಗೆ ಮೊದಲು ಪ್ರೂಫ್ ತೆಗೆಸಿ, ಮನೆಯ ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿ. ಹೆಸರಿನ ತಪ್ಪು ಕಿವಿಗೆ ಬೇಗ ಸಿಗುತ್ತದೆ.

ಐದನೆಯದು, ಉಳಿಸಬಾರದ ಕಡೆ ಉಳಿಸಬೇಡಿ. ಕಾರ್ಡಿನಲ್ಲಿ ಉಳಿಸಿದ ಹಣದಿಂದ ಬಸ್ಸಿನ ಟಿಕೆಟು, ಆಟೋದ ಬಾಡಿಗೆ ಕೊಡಿ, ಮನೆಗಳಿಗೆ ಹೋಗಿ. ದೂರದವರಿಗೆ ವಾಟ್ಸಾಪಿನಲ್ಲಿ ಕಾರ್ಡಿನ ಚಿತ್ರ ಕಳುಹಿಸಿದರೆ ತಪ್ಪಲ್ಲ. ಆದರೆ ಚಿತ್ರ ಕಳುಹಿಸಿ ಸುಮ್ಮನಾಗಬೇಡಿ, ಫೋನ್ ಮಾಡಿ ಬಾಯಲ್ಲಿ ಹೇಳಿ. ಹಾಸಿಗೆ ಹಿಡಿದ ಹಿರಿಯರು, ವಿಧವೆಯರು, ವಾಡೆಯ ಬಡ ಮನೆಯವರು ಇವರ ಬಾಗಿಲಿಗೆ ಮೊದಲು ಹೋಗಿ. ಅವರು ಬರಲಾಗದೆ ಇರಬಹುದು. ತಮ್ಮನ್ನು ಕರೆಯಲು ಬಂದಿದ್ದರು ಎಂಬುದು ಅವರಿಗೆ ದೊಡ್ಡದು.

ನಮ್ಮ ಯುವ ಸಂಘಗಳು ಮಾಡಬಹುದಾದ ಒಂದು ಕೆಲಸವೂ ಇದೆ. ಧರ್ಮಕೇಂದ್ರದ ಮನೆಗಳಲ್ಲಿ ಹಳೆಯ ಮದುವೆ ಪತ್ರಿಕೆಗಳು ಬೈಬಲಿನ ಪುಟಗಳ ನಡುವೆ, ಟ್ರಂಕಿನ ತಳದಲ್ಲಿ ಇರುತ್ತವೆ. ಮನೆಯವರ ಒಪ್ಪಿಗೆ ಪಡೆದು ಅವನ್ನು ಫೋಟೋ ತೆಗೆದು ಒಂದೆಡೆ ಸೇರಿಸಿ. ಯಾವ ಪ್ರೆಸ್ಸು, ಯಾವ ಊರು, ಯಾವ ಲಿಪಿ, ಯಾವ ಗುರುಗಳ ಕಾಲ ಎಂಬುದೆಲ್ಲ ಅವುಗಳಲ್ಲಿ ಇರುತ್ತದೆ. ಗಡಿಯಾಚೆಯ ಕನ್ನಡ ಕ್ರೈಸ್ತರ ಚರಿತ್ರೆಯನ್ನು ಬೇರೆ ಯಾರೂ ನಮಗಾಗಿ ಬರೆದಿಡುವುದಿಲ್ಲ. ಆ ತೆಳು ಕಾಗದದ ಕಾರ್ಡುಗಳನ್ನು ನೋಡುವಾಗ ಒಂದು ಮಾತು ಮನಸ್ಸಿಗೆ ಬರುತ್ತದೆ: ಅಷ್ಟು ಸರಳ ಕಾರ್ಡಿನಿಂದ ಆರಂಭವಾದ ಸಂಸಾರಗಳಲ್ಲಿ ಹುಟ್ಟಿ ಬೆಳೆದವರು ನಾವು.

ಈ ವರ್ಷ ಮದುವೆ ನಿಶ್ಚಯವಾಗಿರುವ ಎಲ್ಲ ಮನೆಗಳಿಗೂ ಕಾನಾ ಊರಿನ ಅತಿಥಿ ಬರಲಿ. ಪಟ್ಟಿಯಲ್ಲಿ ಅವರ ಹೆಸರು ಮೊದಲಿರಲಿ.